ತೋಟದ ಮಣ್ಣಿನಿಂದ ನೀಲಿ: ರೇಷ್ಮೆಗೆ ಬಣ್ಣ ಹಾಕಿದ ಕೆಲಸದ ದಾಖಲೆ

ಹಲಸಿನ ಚಕ್ಕೆಯಿಂದ ಹಳದಿ, ಮಂಜಿಷ್ಠದಿಂದ ಕೆಂಪು, ದಾಳಿಂಬೆ ಸಿಪ್ಪೆಗೆ ತುಕ್ಕಿನ ನೀರು ಸೇರಿಸಿ ಬೂದುಗಪ್ಪು, ಇಷ್ಟನ್ನು ನಾನು ಮಕ್ಕಂದೂರಿನ ಸಮೀಪದ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಆರು ವರ್ಷಗಳಿಂದ ಮಾಡುತ್ತಿದ್ದೇನೆ. ನೀಲಿಯನ್ನು ಮಾತ್ರ ಹೊರಗಿನಿಂದ ಕೊಂಡ ಇಂಡಿಗೊ ಮುದ್ದೆಯಿಂದಲೇ ತೆಗೆಯಬೇಕಾಗಿತ್ತು. ನಮ್ಮ ತೋಟದೊಳಗಿನಿಂದಲೇ ನೀಲಿ ಸಿಗಬಹುದೇ ಎಂಬ ಪ್ರಶ್ನೆ ಹುಟ್ಟಿದ್ದು ಸ್ಟ್ರೆಪ್ಟೊಮೈಸಿಸ್ ಕೊಲಿಕಲರ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ವಿಷಯ ಓದಿದ ಮೇಲೆ. ಅದು ಆಕ್ಟಿನೋರೋಡಿನ್ ಎಂಬ ಬಣ್ಣವನ್ನು ತಯಾರಿಸುತ್ತದೆ. ಆ ಬಣ್ಣ ಕ್ಷಾರದಲ್ಲಿ ನೀಲಿಯಾಗಿಯೂ ಆಮ್ಲದಲ್ಲಿ ಕೆಂಪಾಗಿಯೂ ಕಾಣುತ್ತದೆ. ಲಂಡನ್ನಿನ ವಿನ್ಯಾಸಕಿ ನಾಟ್ಸಾಯ್ ಆಡ್ರೆ ಚೀಜಾ ಅವರು ಇದೇ ಜೀವಿಯನ್ನು ರೇಷ್ಮೆಯ ಮೇಲೆಯೇ ಬೆಳೆಸಿ ಬಣ್ಣ ಬರಿಸಿದ್ದಾರೆ. ನಾನು ಪದವಿಯಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿದವಳಾದ್ದರಿಂದ ತಟ್ಟೆ, ಅಗರ್, ಬೀಜಾಣು ಎಂಬ ಮಾತುಗಳು ಹೊಸತಾಗಿರಲಿಲ್ಲ. ಆದರೆ ಪ್ರಯೋಗಾಲಯದ ಹೊರಗೆ, ಕೊಡಗಿನ ಮಳೆಯ ನಡುವೆ, ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲಿನಿಂದ ಕಲಿಯಬೇಕಾಯಿತು.

ಹಂತ 1. 2023ರ ಜುಲೈ: ಪೂರ್ತಿ ಕೆಟ್ಟ ಮೊದಲ ಸರದಿ

ಕಾಫಿ ಗಿಡದ ಬುಡದಿಂದ ಒದ್ದೆ ಮಣ್ಣನ್ನು ತೆಗೆದು, ಕುದಿಸಿ ಆರಿಸಿದ ನೀರಿನಲ್ಲಿ ಕದಡಿ, ಅಕ್ಕಿ ಗಂಜಿ ಮತ್ತು ಚೀನಾ ಗ್ರಾಸ್‌ನಿಂದ (ದ್ರವವನ್ನು ಹೆಪ್ಪುಗಟ್ಟಿಸುವ ಕಡಲಪಾಚಿಯ ಸಾರ, ಅಗರ್ ಎಂದರೂ ಇದೇ) ಮಾಡಿದ ಹನ್ನೆರಡು ತಟ್ಟೆಗಳ ಮೇಲೆ ಸುರಿದೆ. ಮೂರನೆಯ ದಿನಕ್ಕೆ ಹನ್ನೆರಡರಲ್ಲಿಯೂ ಹತ್ತಿಯಂತಹ ಬಿಳಿ ಬೂಷ್ಟು, ಅದರ ಮೇಲೆ ಹಸಿರು ಪುಡಿ, ಕೆಳಗೆ ತಟ್ಟೆಯಿಡೀ ಹರಡಿದ ಲೋಳೆ ಕಾಣಿಸಿದವು. ಬೇರೆ ಮಾಡಿ ನೋಡಬಹುದಾದ ಒಂದು ಕಾಲೊನಿಯೂ (ಒಂದೇ ಜೀವಿಯಿಂದ ಬೆಳೆದ ಗುಂಪು) ಇರಲಿಲ್ಲ.

ಇದರಲ್ಲಿ ನನ್ನ ತಪ್ಪುಗಳು ನಾಲ್ಕು. ಮಣ್ಣನ್ನು ಒಣಗಿಸಿರಲಿಲ್ಲ. ದ್ರಾವಣವನ್ನು ಹಂತ ಹಂತವಾಗಿ ತೆಳುಗೊಳಿಸಿರಲಿಲ್ಲ. ತಟ್ಟೆಗಳನ್ನೂ ಗಂಜಿಯನ್ನೂ ಇಡ್ಲಿ ಪಾತ್ರೆಯ ತೆರೆದ ಆವಿಯಲ್ಲಿ ಬೇಯಿಸಿದ್ದೆ. ಬಿಸಿ ತಾಳುವ ಬೀಜಾಣುಗಳು 100 ಡಿಗ್ರಿಯ ಆವಿಗೂ ಸಾಯುವುದಿಲ್ಲ, ನಮ್ಮ ಎತ್ತರದಲ್ಲಂತೂ ನೀರು 96–97 ಡಿಗ್ರಿಗೇ ಕುದಿಯುತ್ತದೆ. ನಾಲ್ಕನೆಯದಾಗಿ, ಗಾಳಿಮಳೆಗೆ ಮೂರು ದಿನ ಕರೆಂಟು ಹೋದಾಗ ತಟ್ಟೆಗಳನ್ನು ಬಚ್ಚಲುಮನೆಯ ಹಂಡೆ ಒಲೆಯ ಪಕ್ಕದ ಗೋಡೆಗೆ ತಾಗಿಸಿ ಇಟ್ಟೆ. ಅಲ್ಲಿನ ತೇವ ಮತ್ತು ಬಿಸಿ ಬೂಷ್ಟಿಗೆ ಹಬ್ಬವಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸ ತಟ್ಟೆಗಳನ್ನು ತೆರೆಯುವುದಿಲ್ಲ ಎಂಬ ನಿಯಮವನ್ನು ಅಂದೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟೆ.

ಹಂತ 2. ಡಿಸೆಂಬರ್: ಕುಕ್ಕರ್ ಮತ್ತು ಪೆಟ್ಟಿಗೆಗಳು

12 ಲೀಟರಿನ ಅಲ್ಯೂಮಿನಿಯಂ ಕುಕ್ಕರ್ ಒಂದನ್ನು ಇದಕ್ಕಾಗಿಯೇ 3,400 ರೂಪಾಯಿಗೆ ಕೊಂಡೆ. ಅದಕ್ಕೆ ಕೆಂಪು ಬಣ್ಣ ಬಳಿದಿದ್ದೇನೆ, ಅದು ಇನ್ನೆಂದೂ ಅಡುಗೆಮನೆಗೆ ಹೋಗುವುದಿಲ್ಲ. ಪ್ರಯೋಗಾಲಯದ ಆಟೋಕ್ಲೇವ್‌ನಲ್ಲಿ (ಒತ್ತಡದ ಆವಿಯಿಂದ ಜೀವಾಣುಗಳನ್ನು ಕೊಲ್ಲುವ ಪಾತ್ರೆ) 121 ಡಿಗ್ರಿಯಲ್ಲಿ 15 ನಿಮಿಷ ಇಡುವುದು ವಾಡಿಕೆ. ಕುಕ್ಕರಿನ ಸೀಟಿಯ ತೂಕವು ಹೊರಗಿನ ಗಾಳಿಯ ಒತ್ತಡಕ್ಕೆ ತನ್ನ ಒತ್ತಡವನ್ನು ಸೇರಿಸುತ್ತದೆಯಾದ್ದರಿಂದ, ಗಾಳಿಯ ಒತ್ತಡ ಕಡಿಮೆಯಿರುವ ನಮ್ಮ ಬೆಟ್ಟದ ಮೇಲೆ ಒಳಗಿನ ಬಿಸಿ ಸುಮಾರು 118 ಡಿಗ್ರಿಗೆ ನಿಲ್ಲುತ್ತದೆ. ಆ ಕೊರತೆಯನ್ನು ಸಮಯದಿಂದ ತುಂಬಿಸಬೇಕು. ಮೊದಲ ಸೀಟಿಯ ನಂತರ ಉರಿ ತಗ್ಗಿಸಿ 35 ನಿಮಿಷ ಇಡುತ್ತೇನೆ. ಏನೂ ಬಿತ್ತದ ತಟ್ಟೆಯೊಂದನ್ನು ಪ್ರತಿ ಸಲವೂ ಜೊತೆಗಿಟ್ಟು ನೋಡುತ್ತೇನೆ. 20 ನಿಮಿಷ ಬೇಯಿಸಿದ ಎರಡು ಸರದಿಗಳಲ್ಲಿ ಆ ತಟ್ಟೆಯಲ್ಲೂ ಲೋಳೆ ಬೆಳೆಯಿತು, 35 ನಿಮಿಷಕ್ಕೆ ಏರಿಸಿದ ಮೇಲೆ ಬೆಳೆಯಲಿಲ್ಲ.

ಬೆಚ್ಚಗಿಡಲು ಮೀನಿನ ಥರ್ಮೋಕೋಲ್ ಪೆಟ್ಟಿಗೆ, 25 ವ್ಯಾಟಿನ ಬಲ್ಬು ಮತ್ತು 180 ರೂಪಾಯಿಯ ಥರ್ಮೋಸ್ಟಾಟ್ ಹಲಗೆಯನ್ನು ಜೋಡಿಸಿ 28 ಡಿಗ್ರಿಗೆ ಹೊಂದಿಸಿದೆ. ಮೊದಲ ವಾರ ತಾಪ ಅಳೆಯುವ ತಂತಿಯನ್ನು ತಳದಲ್ಲಿ ಬಿಟ್ಟಿದ್ದರಿಂದ ಮೇಲಿನ ಸಾಲು 34 ಡಿಗ್ರಿಗೆ ಏರಿ, ಅಗರ್ ಒಣಗಿ ಬಿರುಕುಬಿಟ್ಟಿತು. ತಂತಿಯನ್ನು ನಡುವಿನ ಎತ್ತರಕ್ಕೆ ತಂದು, ಬಲ್ಬಿಗೆ ತಗಡಿನ ಮರೆ ಮಾಡಿ, ಮೂಲೆಯಲ್ಲಿ ಒಂದು ಬಟ್ಟಲು ನೀರಿಟ್ಟ ಮೇಲೆ ಸರಿಹೋಯಿತು.

ತಟ್ಟೆ ತೆರೆಯಲು 50 ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೈ ತೂರಿಸುವ ಎರಡು ತೂತುಗಳನ್ನು ಕೊರೆದೆ. ಇಲ್ಲಿ ಒಂದು ಗಂಭೀರ ತಪ್ಪು ನಡೆಯಿತು. ಡಬ್ಬಿಯೊಳಗೆ ಸ್ಪಿರಿಟ್ ದೀಪ ಹಚ್ಚಿದ್ದೆ. ಸ್ಪಿರಿಟ್‌ನಿಂದ ಒರೆಸಿದ ಕೈಗವಸು ಆರುವ ಮೊದಲೇ ಎಡಗೈಯನ್ನು ಒಳಗೆ ಹಾಕಿದ್ದರಿಂದ ಕೈಗವಸಿಗೆ ಬೆಂಕಿ ತಗುಲಿ ಎರಡು ಬೆರಳುಗಳು ಸುಟ್ಟವು. ಮುಚ್ಚಿದ ಡಬ್ಬಿ, ಸ್ಪಿರಿಟ್ ಮತ್ತು ಉರಿಯುವ ದೀಪ ಒಂದೆಡೆ ಸೇರಲೇಬಾರದು. ಅಂದಿನಿಂದ ಡಬ್ಬಿಯೊಳಗೆ ಬೆಂಕಿಯಿಲ್ಲ. ಜೀವಿಗಳನ್ನು ಎತ್ತಲು, ಬೆಂಕಿಯಲ್ಲಿ ಕಾಯಿಸುವ ತಂತಿಯ ಕುಣಿಕೆಯ ಬದಲು ಹಲ್ಲುಕಡ್ಡಿಗಳನ್ನು ಕುಕ್ಕರಿನಲ್ಲಿ ಬೇಯಿಸಿ ಒಂದೊಂದನ್ನೂ ಒಂದೇ ಸಲ ಬಳಸುತ್ತೇನೆ.

ಹಂತ 3. 2024ರ ಜನವರಿ: ಮಣ್ಣು

ಕಾಫಿ ಕೊಯ್ಲಿನ ನಡುವೆಯೇ ನಾಲ್ಕು ಕಡೆಯಿಂದ, ಮೇಲಿನ ತರಗೆಲೆಯನ್ನು ಸರಿಸಿ, 10 ಸೆಂಟಿಮೀಟರ್ ಆಳದ ಮಣ್ಣನ್ನು ತೆಗೆದೆ: ಸುಣ್ಣ ಹಾಕಿದ ಅರೇಬಿಕಾ ತೋಟದ ಸಿಲ್ವರ್ ಓಕ್ ಬುಡ, ಸುಣ್ಣ ಕಾಣದ ಹಳೆಯ ಪಟ್ಟಿ, ಗದ್ದೆಯ ಬದು ಮತ್ತು 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದ ಜಾಗದ ಕೆಂಪು ಮಣ್ಣು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೆಚ್ಚು ಬಿದ್ದ ಸಾಲುಗಳನ್ನು, ತಾಮ್ರದ ಭಯದಿಂದ, ಬಿಟ್ಟೆ. ದೇವರಕಾಡಿನ ಮಣ್ಣಿಗೆ ಕೈ ಹಾಕುವ ಯೋಚನೆಯನ್ನೇ ಮಾಡಲಿಲ್ಲ.

ನೆರಳಿನಲ್ಲಿ ಏಳು ದಿನ ಒಣಗಿಸಿದ 10 ಗ್ರಾಂ ಮಣ್ಣಿಗೆ 1 ಗ್ರಾಂ ಸೀಮೆಸುಣ್ಣದ ಪುಡಿ ಬೆರೆಸಿ, ತೇವದ ಬಟ್ಟೆ ಮುಚ್ಚಿ, ಇನ್ನೊಂದು ವಾರ 28 ಡಿಗ್ರಿಯಲ್ಲಿ ಇಟ್ಟೆ. ನಮಗೆ ಬೇಕಾದ ಜೀವಿಗಳ ಬೀಜಾಣುಗಳು ಒಣಗುವಿಕೆಯನ್ನು ತಾಳುತ್ತವೆ, ಹುಳಿ ಮಣ್ಣಿಗಿಂತ ಸುಣ್ಣದ ಮಣ್ಣು ಅವಕ್ಕೆ ಒಗ್ಗುತ್ತದೆ. ಬಳಿಕ 1 ಗ್ರಾಂ ಮಣ್ಣನ್ನು 9 ಮಿಲಿ ನೀರಿಗೆ ಹಾಕಿ ಕುಲುಕಿ, ಅದರ 1 ಮಿಲಿಯನ್ನು ಮತ್ತೆ 9 ಮಿಲಿಗೆ, ಹೀಗೆ ನಾಲ್ಕು ಸಲ ತೆಳುಗೊಳಿಸಿ, ಕೊನೆಯ ಎರಡರಿಂದ 0.1 ಮಿಲಿಯಷ್ಟನ್ನು ತಟ್ಟೆಗಳ ಮೇಲೆ ಸವರಿದೆ.

ತಟ್ಟೆಯ ಆಹಾರವನ್ನೂ ಬದಲಿಸಿದ್ದೆ. ಒಂದು ಲೀಟರ್ ಕೊಳಾಯಿ ನೀರಿಗೆ 20 ಗ್ರಾಂ ಸೋಯಾ ಹಿಟ್ಟು, 20 ಗ್ರಾಂ ಮ್ಯಾನಿಟಾಲ್ (ಸಕ್ಕರೆಯಂತಹ ಸಿಹಿ ಪುಡಿ), 20 ಗ್ರಾಂ ಅಗರ್. ಸ್ಟ್ರೆಪ್ಟೊಮೈಸಿಸ್ ಬೆಳೆಸುವವರು ಬಹುಕಾಲದಿಂದ ಬಳಸುತ್ತಿರುವ ಅಳತೆ ಇದು. ಮ್ಯಾನಿಟಾಲ್ ಬದಲು ಗ್ಲೂಕೋಸ್ ಹಾಕಿ ಹಣ ಉಳಿಸಲು ನೋಡಿದ ಎರಡು ತಟ್ಟೆಗಳಲ್ಲಿ ಬೆಳವಣಿಗೆ ದಟ್ಟವಾಗಿ ಬಂದರೂ ಬಣ್ಣ ಬಹಳ ತೆಳುವಾಗಿತ್ತು.

ಹಂತ 4. ಫೆಬ್ರವರಿ: ಆರಿಸಿದವು, ಬಿಟ್ಟವು

ಐದನೆಯ ದಿನದಿಂದ ಸಣ್ಣ, ಗಟ್ಟಿ ಕಾಲೊನಿಗಳು ಮೇಲೆದ್ದವು. ಇವುಗಳನ್ನು ಗುರುತಿಸುವುದು ಕಷ್ಟವಲ್ಲ. ಲೋಳೆಯಂತೆ ಹೊಳೆಯದೆ ಸೀಮೆಸುಣ್ಣ ಉದುರಿದಂತೆ ಮಂಕಾಗಿರುತ್ತವೆ, ಕಡ್ಡಿಯಿಂದ ಕೆರೆದರೆ ಅಗರ್‌ಗೆ ಬೇರೂರಿದಂತೆ ಕಚ್ಚಿಕೊಂಡಿರುತ್ತವೆ. ಮುಚ್ಚಳ ಸರಿಸಿದೊಡನೆ ಬರುವ ವಾಸನೆ ಇನ್ನೊಂದು ಗುರುತು. ಮಾರ್ಚಿಯ ಹೂಮಳೆ ಬಿದ್ದ ಸಂಜೆ ತೋಟದಿಂದ ಏಳುವ ಮಣ್ಣಿನ ವಾಸನೆಯೇ ಅದು. ಎರಡಕ್ಕೂ ಕಾರಣ ಈ ಜೀವಿಗಳು ಬಿಡುವ ಜಿಯೋಸ್ಮಿನ್ ಎಂಬ ವಸ್ತು. ಆದರೂ ತಟ್ಟೆಗೆ ಮೂಗು ಹಿಡಿದು ಮೂಸಬಾರದು, ಮುಖಗವಸಿನ ಮೂಲಕವೇ ಅದು ತಿಳಿಯುತ್ತದೆ.

ಸುಣ್ಣದ ತೋಟದ ಮಣ್ಣಿನಲ್ಲಿ ಇಂತಹ 41 ಕಾಲೊನಿಗಳು, ಹಳೆಯ ಪಟ್ಟಿಯಲ್ಲಿ 17, ಗದ್ದೆಯ ಬದುವಿನಲ್ಲಿ 12 ಸಿಕ್ಕಿದವು. ಗುಡ್ಡ ಜರಿದ ಜಾಗದಲ್ಲಿ ಸಿಕ್ಕಿದ್ದು ಮೂರೇ. ಮೇಲ್ಮಣ್ಣು ಕೊಚ್ಚಿಹೋದ ಆ ಇಳಿಜಾರಿನಲ್ಲಿ ಆರನೆಯ ವರ್ಷಕ್ಕೂ ಮಣ್ಣು ಚೇತರಿಸಿಕೊಂಡಿಲ್ಲ ಎಂಬುದನ್ನು ತಟ್ಟೆಯಲ್ಲಿ ಎಣಿಸಿ ನೋಡಿದಾಗ ಮನಸ್ಸು ಭಾರವಾಯಿತು.

ಒಟ್ಟು 73ರಲ್ಲಿ ಅಗರ್‌ಗೆ ಬಣ್ಣ ಬಿಟ್ಟವು ಐದು: ಎರಡು ಕಂದುಗಪ್ಪು, ಒಂದು ಹಳದಿ, ಒಂದು ಗುಲಾಬಿಗೆಂಪು, ಒಂದು ನೀಲಿ. ನೀಲಿಯದಕ್ಕೆ ‘ನೀ–4’ ಎಂದು ಗುರುತು ಹಾಕಿದೆ. ಒಂದು ಹನಿ ವಿನೆಗರ್ ಬಿಟ್ಟಾಗ ಅದರ ಸುತ್ತಲಿನ ಅಗರ್ ಕೆಂಪಾಯಿತು, ವಾಷಿಂಗ್ ಸೋಡದ ನೀರು ಬಿಟ್ಟಾಗ ಮತ್ತೆ ನೀಲಿಯಾಯಿತು. ಮೂರು ಸಲ ಹೊಸ ತಟ್ಟೆಯ ಮೇಲೆ ಗೆರೆ ಎಳೆದು, ಬೇರೆ ಜೀವಿಗಳಿಂದ ಬೇರ್ಪಡಿಸಿ ಶುದ್ಧಗೊಳಿಸಿ, ಪರಿಚಯದ ಅಧ್ಯಾಪಕಿಯೊಬ್ಬರ ಮೂಲಕ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳುಹಿಸಿದೆ. 1,500 ರೂಪಾಯಿಯ ಡಿಎನ್‌ಎ ಪರೀಕ್ಷೆಯಿಂದ ಅದು ಸ್ಟ್ರೆಪ್ಟೊಮೈಸಿಸ್ ಕುಲದ್ದೆಂದು ಖಚಿತವಾದ ಮೇಲೆಯೇ ದೊಡ್ಡ ತಟ್ಟೆಗಳಿಗೆ ಹೋದೆ.

ಬಿಟ್ಟವುಗಳ ಬಗ್ಗೆಯೂ ಬರೆಯಬೇಕು. ಗದ್ದೆಯ ಬದುವಿನ ಒಂದು ತಟ್ಟೆಯಲ್ಲಿ ಎರಡನೆಯ ದಿನವೇ ನೇರಳೆ ಬಣ್ಣದ, ನುಣುಪಾಗಿ ಹೊಳೆಯುವ ಕಾಲೊನಿಯೊಂದು ಬಂದಿತ್ತು. ಅಷ್ಟು ಸುಂದರವಾದ ಬಣ್ಣ ಈ ಇಡೀ ಕೆಲಸದಲ್ಲಿ ಇನ್ನೊಂದು ಬರಲಿಲ್ಲ. ಆದರೆ ಉಷ್ಣವಲಯದ ಮಣ್ಣು ಮತ್ತು ನೀರಿನಲ್ಲಿ ಸಿಗುವ ಕ್ರೋಮೋಬ್ಯಾಕ್ಟೀರಿಯಂ ವಯೋಲೇಸಿಯಂ ಹೀಗೆಯೇ ಕಾಣುತ್ತದೆ. ಅದರಿಂದ ಮನುಷ್ಯರಿಗೆ ಸೋಂಕು ತಗುಲುವುದು ಅಪರೂಪ, ಆದರೆ ಗಾಯದ ಮೂಲಕ ರಕ್ತ ಸೇರಿದರೆ ಪ್ರಾಣಕ್ಕೇ ಅಪಾಯ. ಲೋಳೆಯಂತಹ ರಕ್ತಗೆಂಪಿನ ಸೆರೇಷಿಯಾ ಮಾರ್ಸೆಸೆನ್ಸ್ ಕೂಡ ಆಸ್ಪತ್ರೆಗಳಲ್ಲಿ ಸೋಂಕು ತರುವ ಜೀವಿಯೇ. ನನ್ನ ಬೆರಳುಗಳ ಸುಟ್ಟ ಗಾಯ ಆಗಿನ್ನೂ ಪೂರ್ತಿ ಮಾಗಿರಲಿಲ್ಲ. ಆ ತಟ್ಟೆಯನ್ನು ತೆರೆಯದೆ ಟೇಪು ಸುತ್ತಿ ಕುಕ್ಕರಿಗೆ ಹಾಕಿದೆ. ಮನೆಯಲ್ಲಿ ಇದನ್ನು ಮಾಡುವವರು ಹೊಳೆಯುವ ಕೆಂಪು ಮತ್ತು ನೇರಳೆಗಳನ್ನು ಎಷ್ಟೇ ಆಸೆಯಾದರೂ ಬೆಳೆಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 5. ಮಾರ್ಚ್: ಬಟ್ಟೆಯ ಮೇಲೆಯೇ ಬೆಳೆಸಿದ್ದು

ಅಂಟು ತೆಗೆದ ಬಿಳಿ ರೇಷ್ಮೆಯನ್ನು 20 ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸಿ, ಕುಕ್ಕರಿನಲ್ಲಿ ಬೇಯಿಸಿ, ಅಗರ್ ತುಂಬಿದ ಸ್ಟೀಲ್ ಟ್ರೇಗಳ ಮೇಲೆ ಹಾಸಿ, ನೀ–4ರ ಬೀಜಾಣುಗಳ ನೀರನ್ನು ಸವರಿದೆ. ಮೂರನೆಯ ದಿನ ಬಿಳಿ ಪುಡಿ, ಐದನೆಯ ದಿನ ನೀಲಿ ಚುಕ್ಕೆಗಳು, ಒಂಬತ್ತನೆಯ ದಿನ ಕಡುನೀಲಿಯ ಮೋಡಗಳಂತಹ ಚಿತ್ತಾರ ಮೂಡಿತು. ಬಟ್ಟೆ ಅಗರ್‌ಗೆ ತಾಗದೆ ಉಬ್ಬಿದ ಕಡೆಗಳೆಲ್ಲ ಬಿಳಿಯಾಗಿಯೇ ಉಳಿದವು.

ತಪ್ಪು ಆಮೇಲೆ ಆಯಿತು. ಜೀವಿಗಳನ್ನು ಕೊಲ್ಲಲು ಟ್ರೇಯನ್ನು ಹಾಗೆಯೇ ಕುಕ್ಕರಿಗಿಟ್ಟೆ. ಅಗರ್ ಕರಗಿ ಬಟ್ಟೆಯ ಎಳೆಯೆಳೆಗೂ ಇಳಿದು, ಆರಿದಾಗ ರೇಷ್ಮೆ ರಟ್ಟಿನಂತಾಯಿತು. ಅದನ್ನು ಬಿಡಿಸಲು ಮೂರು ಸಲ ಕುದಿನೀರಿಗೆ ಹಾಕಬೇಕಾಯಿತು, ಅಷ್ಟರಲ್ಲಿ ಅರ್ಧ ಬಣ್ಣ ಹೊರಟುಹೋಯಿತು. ಎರಡನೆಯ ಸಲ ಬಟ್ಟೆಯನ್ನು ಮೊದಲು ಚಿಮುಟದಿಂದ ಸುಲಿದು ಬೇರೆ ಪಾತ್ರೆಯಲ್ಲಿ ಬೇಯಿಸಿದೆ. ಚಿತ್ತಾರ ಉಳಿಯಿತು. ಆದರೆ ಒಂದು ಟ್ರೇಗೆ ಒಂದು ಚೌಕ, ಅದಕ್ಕೆ ಒಂಬತ್ತು ದಿನ ಎಂಬ ಲೆಕ್ಕದಲ್ಲಿ ಒಂದು ಮೀಟರ್ ಬಟ್ಟೆಗೂ ದಾರಿಯಿರಲಿಲ್ಲ.

ಹಂತ 6. ಏಪ್ರಿಲ್: ದ್ರವದಲ್ಲಿ

ಅಗರ್ ಇಲ್ಲದ ಅದೇ ಆಹಾರವನ್ನು ದೊಡ್ಡ ಗಾಜಿನ ಭರಣಿಯಲ್ಲಿಟ್ಟು, ಮೀನಿನ ತೊಟ್ಟಿಯ ಪಂಪಿನಿಂದ ಹತ್ತಿಯ ಮೂಲಕ ಗಾಳಿ ಊದಿದೆ. ನೊರೆ ಉಕ್ಕಿ ಹತ್ತಿ ಒದ್ದೆಯಾಯಿತು, ಒದ್ದೆ ಹತ್ತಿಯ ಮೂಲಕ ಹೊರಗಿನವೆಲ್ಲ ಒಳಬಂದವು. ಎರಡು ಭರಣಿಗಳೂ ನಾಲ್ಕನೆಯ ದಿನಕ್ಕೆ ನಾರಿದವು. ಮೂರನೆಯದನ್ನು ಮಾಡಲಿಲ್ಲ.

ಹಂತ 7. ಮೇ: ಸಾರ ತೆಗೆದು ಬಣ್ಣ ಹಾಕಿದ್ದು

ಮತ್ತೆ ಟ್ರೇಗಳಿಗೆ ಮರಳಿ, ಬಟ್ಟೆಯಿಲ್ಲದೆ ಆರು ಟ್ರೇ, ಒಟ್ಟು ಒಂದೂವರೆ ಲೀಟರ್ ಅಗರ್‌ನಲ್ಲಿ ಬೆಳೆಸಿದೆ. ಒಂಬತ್ತನೆಯ ದಿನ ಅಗರನ್ನು ತುಂಡರಿಸಿ, ಕೊಟ್ಟಿಗೆಯ ಹಳೆಯ ಫ್ರಿಜ್ಜಿನಲ್ಲಿ ಒಂದು ರಾತ್ರಿ ಹೆಪ್ಪುಗಟ್ಟಿಸಿ, ಮರುದಿನ ಕರಗಲು ಬಿಟ್ಟೆ. ಹೆಪ್ಪುಗಟ್ಟಿ ಕರಗಿದ ಅಗರ್ ಸ್ಪಂಜಿನಂತಾಗಿ ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ. ಇಡೀ ವರ್ಷದಲ್ಲಿ ನನಗೆ ಹೆಚ್ಚು ಉಪಯೋಗವಾದ ಉಪಾಯ ಇದು. ಲೀಟರಿಗೆ 3 ಗ್ರಾಂ ವಾಷಿಂಗ್ ಸೋಡ ಹಾಕಿದ ನೀರಿನಲ್ಲಿ ಅದನ್ನು ರಾತ್ರಿಯಿಡೀ ನೆನೆಸಿ, ದಪ್ಪ ಬಟ್ಟೆಯಲ್ಲಿ ಹಿಂಡಿ, ಸೋಸಿ, ಆ ದ್ರವವನ್ನು ಕುಕ್ಕರಿನಲ್ಲಿ 35 ನಿಮಿಷ ಬೇಯಿಸಿದಾಗ 1.8 ಲೀಟರ್ ಕಡುನೀಲಿ ನೀರು ದೊರೆಯಿತು. ಹಿಂಡಿ ಉಳಿದ ಅಗರ್, ಕೈಗವಸು, ಬಟ್ಟೆ ಎಲ್ಲವೂ ಬೇಯದೆ ಹೊರಗೆ ಹೋಗುವುದಿಲ್ಲ.

5 ಗ್ರಾಂ ತೂಕದ ಪಟ್ಟಿಗಳಲ್ಲಿ ನಾಲ್ಕು ಬಗೆಯಾಗಿ ಪರೀಕ್ಷಿಸಿದೆ. ಸೋಡದ ನೀಲಿ ನೀರಿನಲ್ಲೇ 60 ಡಿಗ್ರಿಯಲ್ಲಿ 45 ನಿಮಿಷ ಇಟ್ಟ ರೇಷ್ಮೆ ತಿಳಿನೀಲಿಯಾಗಿ ಬಂದು, ಮೊದಲ ತೊಳೆತದಲ್ಲೇ ಬಿಳಿಯಾಯಿತು. ಕ್ಷಾರಕ್ಕೆ ಅದರ ನುಣುಪೂ ಹೋಯಿತು. ಹತ್ತಿ ಬಟ್ಟೆ ಬೂದು ಕಲೆಯನ್ನಷ್ಟೇ ಹಿಡಿಯಿತು. ಮೂರನೆಯ ಪಟ್ಟಿಗೆ ವಿನೆಗರ್ ಸೇರಿಸಿ ಪಿಎಚ್ (ಹುಳಿ–ಕ್ಷಾರದ ಅಳತೆ) 5ಕ್ಕೆ ಇಳಿಸಿದಾಗ ದ್ರವವೆಲ್ಲ ಕೆಂಪಾಯಿತು, ರೇಷ್ಮೆ ದ್ರಾಕ್ಷಿಯ ಬಣ್ಣವನ್ನು ಚೆನ್ನಾಗಿ ಹೀರಿತು. ಆ ಪಟ್ಟಿಯನ್ನು ಲೀಟರಿಗೆ 5 ಗ್ರಾಂ ಅಡುಗೆ ಸೋಡ ಹಾಕಿದ ನೀರಿನಲ್ಲಿ ಅದ್ದಿದೊಡನೆ ಅದು ಕಣ್ಣೆದುರೇ ನೀಲಿಗೆ ತಿರುಗಿತು. ಆ ಕ್ಷಣಕ್ಕಾಗಿ ಹತ್ತು ತಿಂಗಳು ಕಾದಿದ್ದೆ. ಬಟ್ಟೆಯ ತೂಕದ ನೂರಕ್ಕೆ 15ರಷ್ಟು ಪಟಿಕದಲ್ಲಿ ಮೊದಲೇ ನೆನೆಸಿದ ನಾಲ್ಕನೆಯ ಪಟ್ಟಿ ಇನ್ನೂ ಗಾಢವಾಗಿ, ಸ್ವಲ್ಪ ನೇರಳೆಯತ್ತ ವಾಲಿದ ನೀಲಿಯಾಗಿ ಬಂತು, ತೊಳೆದ ನೀರಿಗೆ ಬಿಟ್ಟ ಬಣ್ಣವೂ ಎಲ್ಲಕ್ಕಿಂತ ಕಡಿಮೆ.

ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ದೊಡ್ಡ ಬಟ್ಟೆಗೆ ಬಣ್ಣ ಹಾಕುವಾಗ ಅವಸರದಿಂದ ವಿನೆಗರನ್ನು ಒಮ್ಮೆಗೇ ಸುರಿದೆ. ಸೋಡದ ದ್ರವ ನೊರೆಯೆದ್ದು ಒಲೆಯ ಮೇಲೆ ಉಕ್ಕಿತು. ಉಳಿದದ್ದರಲ್ಲಿ ಬಣ್ಣ ಒಡೆದು ಚೂರುಚೂರಾಗಿ ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳಾಗಿ ಕುಳಿತಿತು. 850 ರೂಪಾಯಿಯ ಒಂದು ಮೀಟರ್ ರೇಷ್ಮೆ ಹೀಗೆ ಹಾಳಾಯಿತು. ಬಟ್ಟೆಯನ್ನು ಒಳಗಿಟ್ಟು ತಿರುವುತ್ತಲೇ, ಇಪ್ಪತ್ತು ನಿಮಿಷಗಳ ಕಾಲ ಚಮಚ ಚಮಚವಾಗಿ ವಿನೆಗರ್ ಸೇರಿಸಿದರೆ ಬಣ್ಣ ಸಮವಾಗಿ ಏರುತ್ತದೆ.

ಆ ವೇಳೆಗೆ ಆದ ಖರ್ಚು: ಕುಕ್ಕರ್ 3,400, ಥರ್ಮೋಸ್ಟಾಟ್ 180, ಪೆಟ್ಟಿಗೆ ಮತ್ತು ಬಲ್ಬು 150, ಮ್ಯಾನಿಟಾಲ್ 650, ಚೀನಾ ಗ್ರಾಸ್ 320, ಸೋಯಾ 110, ಗಾಜಿನ ತಟ್ಟೆಗಳು 900, ಎರಡು ಮೀಟರ್ ರೇಷ್ಮೆ 1,700, ಡಿಎನ್‌ಎ ಪರೀಕ್ಷೆ 1,500, ಪಿಎಚ್ ಪಟ್ಟಿ, ಕೈಗವಸು, ಸ್ಪಿರಿಟ್ ಮುಂತಾದವಕ್ಕೆ 990. ಒಟ್ಟು 9,900 ರೂಪಾಯಿ. ಟ್ರೇ, ಭರಣಿ, ಪಂಪು ಮನೆಯಲ್ಲೇ ಇದ್ದವು.

ಹಂತ 8. ಜೂನ್: ತೊಳೆತ

ಪಟಿಕದ ಪಟ್ಟಿಯನ್ನು ಅತ್ತೆಗೆ ತೋರಿಸಿದಾಗ ಅವರು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ರೇಷ್ಮೆಗೆ ಸೋಪು ತಾಗಿಸಬೇಡ ಮಗಳೇ, ಅಂಟುವಾಳದಲ್ಲಿ ತೊಳೆ” ಎಂದರು. ಅವರ ಮದುವೆಯ ಸೀರೆ ಇಂದಿಗೂ ಹೊಳೆಯುತ್ತಿರುವುದು ಆ ಪದ್ಧತಿಯಿಂದಲೇ, ಹಾಗಾಗಿ ನಾನೂ ಎರಡನೆಯ ಯೋಚನೆ ಮಾಡಲಿಲ್ಲ. ಅಂಟುವಾಳದ ನೊರೆಯಲ್ಲಿ ಅದ್ದಿದ ಎರಡು ನಿಮಿಷಕ್ಕೆ ನೀಲಿ ಪಟ್ಟಿ ನಸುಗೆಂಪು ನೇರಳೆಯಾಯಿತು. ಅಂಟುವಾಳದ ನೀರು ಹುಳಿಯ ಗುಣದ್ದು ಎಂಬುದನ್ನು ಪಿಎಚ್ ಪಟ್ಟಿಯಲ್ಲಿ ನೋಡಿದ್ದು ಆಮೇಲೆ. ರೇಷ್ಮೆಗೆ ಹಿತವಾದದ್ದು ಈ ಬಣ್ಣಕ್ಕೆ ಹಿತವಲ್ಲ. “ಸೀರೆಗಾದರೆ ಸರಿ, ನಿನ್ನ ಈ ನೀಲಿಗೆ ಬೇರೆಯೇ ನೀರು ಬೇಕಲ್ಲ” ಎಂದು ಅತ್ತೆಯೇ ಅಡುಗೆ ಸೋಡದ ಡಬ್ಬ ತಂದುಕೊಟ್ಟರು. ಸೋಡದ ನೀರಿನಲ್ಲಿ ಅದ್ದಿದಾಗ ನೀಲಿ ಮರಳಿತು, ಮೊದಲಿಗಿಂತ ಒಂದು ಪಾಲು ತೆಳುವಾಗಿ.

ಈಗ ಮೃದುವಾದ ದ್ರವ ಸೋಪಿನಲ್ಲಿ ತಣ್ಣೀರಿನ ತೊಳೆತ, ಕೊನೆಗೆ ಲೀಟರಿಗೆ 2 ಗ್ರಾಂ ಅಡುಗೆ ಸೋಡದ ನೀರಿನಲ್ಲಿ ಒಮ್ಮೆ ಅದ್ದುವುದು, ಹಿಂಡದೆ ನೆರಳಿನಲ್ಲಿ ಒಣಗಿಸುವುದು. ಹೀಗೆ ಆರು ತೊಳೆತದ ನಂತರವೂ ನೀಲಿ ಉಳಿದಿದೆ. ಕೊಡಗಿನ ಅಡುಗೆಯ ಕಪ್ಪು ಹುಳಿರಸವಾದ ಕಾಚಂಪುಳಿಯ ಹನಿಯೊಂದನ್ನು ಬೇಕೆಂದೇ ಬಿಟ್ಟು ನೋಡಿದೆ. ಕೆಂಪು ಕಲೆ ಸೋಡಕ್ಕೆ ಹೋಯಿತು, ಕಾಚಂಪುಳಿಯದೇ ಕಂದು ಉಂಗುರ ಹೋಗಲಿಲ್ಲ. ಬೆವರು ಕೂಡ ಹುಳಿಯೇ. ಅಲ್ಲದೆ ಈ ಕುಲದ ಜೀವಿಗಳು ಬಣ್ಣದ ಜೊತೆಗೆ ಔಷಧಗುಣದ, ಕೆಲವೊಮ್ಮೆ ಜೀವಕೋಶಗಳಿಗೆ ಹಾನಿಕಾರಕವಾದ ವಸ್ತುಗಳನ್ನೂ ತಯಾರಿಸುತ್ತವೆ. ಆದ್ದರಿಂದ ಮೈಗೆ ತಾಗುವ ಬಟ್ಟೆಗೆ ಇದನ್ನು ಹಾಕುತ್ತಿಲ್ಲ, ಯಾರಿಗೂ ಮಾರುತ್ತಲೂ ಇಲ್ಲ.

ಹಂತ 9. ಅಕ್ಟೋಬರ್: ಬಿಸಿಲು

ಕೆಲಸ ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಮಳೆ ಬಿಟ್ಟ ಮೇಲೆ ನಾಲ್ಕು ಪಟ್ಟಿಗಳನ್ನು ಅರ್ಧ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ ಪಶ್ಚಿಮದ ಕಿಟಕಿಗೆ ಅಂಟಿಸಿದೆ: ಪಟಿಕವಿಲ್ಲದ ನೀ–4, ಪಟಿಕದ ನೀ–4, ಹಲಸಿನ ಹಳದಿ, ಇಂಡಿಗೊ. ಇಪ್ಪತ್ತೊಂದನೆಯ ದಿನ ರಟ್ಟು ತೆಗೆದಾಗ ಪಟಿಕವಿಲ್ಲದ್ದು ಬೂದಿಯ ಬಣ್ಣಕ್ಕಿಳಿದಿತ್ತು. ಪಟಿಕದ್ದರಲ್ಲಿ ಗಡಿಗೆರೆ ಸ್ಪಷ್ಟವಾಗಿ ಕಾಣುತ್ತಿತ್ತಾದರೂ ನೀಲಿ ಇನ್ನೂ ನೀಲಿಯೇ ಆಗಿತ್ತು. ಹಲಸಿನ ಹಳದಿ ತುಸು ಕಂದಿತ್ತು. ಇಂಡಿಗೊದಲ್ಲಿ ಗಡಿಯನ್ನು ಹುಡುಕಬೇಕಾಯಿತು.

ಸರಿಯಾಗಿ ಬಂದ ಒಂದೇ ಮೀಟರ್ ರೇಷ್ಮೆಯನ್ನು ಅತ್ತೆಯ ಹಳೆಯ ಲೆಕ್ಕದ ಪುಸ್ತಕಗಳ ಪೆಟ್ಟಿಗೆಗೆ ಒಳವಸ್ತ್ರವಾಗಿ ಹೊಲಿದಿದ್ದೇನೆ, ಅಲ್ಲಿ ಬೆಳಕು ಬೀಳುವುದಿಲ್ಲ. ಪಟಿಕದ ಪ್ರಮಾಣವನ್ನು ನೂರಕ್ಕೆ 10, 15, 20 ಎಂದು ಬದಲಿಸಿ, ಬಣ್ಣ ಹಾಕುವ ಮೊದಲು ಒಂದು ಸಾಲು, ನಂತರ ಒಂದು ಸಾಲು, ಹೀಗೆ ಆರು ಪಟ್ಟಿಗಳನ್ನು ಮಾಡುವುದು ಮುಂದಿನ ಕೆಲಸ. ಅದಕ್ಕಾಗಿ ಆರು ಹೊಸ ಟ್ರೇಗಳು ಮೊನ್ನೆ ಪೆಟ್ಟಿಗೆ ಸೇರಿವೆ, ಇಂದು ಬೆಳಿಗ್ಗೆ ನೋಡಿದಾಗ ಐದರಲ್ಲಿ ಬಿಳಿ ಪುಡಿ ಕಾಣಿಸಿತ್ತು. ಆರನೆಯದರ ಅಂಚಿನಲ್ಲಿ ಹಸಿರು ಬೂಷ್ಟು ಹಿಡಿದಿದ್ದರಿಂದ ಅದನ್ನು ತೆರೆಯದೆ ಕುಕ್ಕರಿಗೆ ಹಾಕಿದ್ದೇನೆ.